ಡೋಸೈಲ್ ಅಲ್ಲದ ದನ

ನಾನು ಚಿಕ್ಕವನಿದ್ದಾಗ ಒಂದು ಕಡೆ ಕೂತವನೇ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವ ಎಂದು ಅಪ್ಪ ಬೈಯುತ್ತಿದ್ದರು. ನನ್ನ ಹಾಗೆಯೇ ನಿಂತಲ್ಲಿ ನಿಲ್ಲದ ಇನ್ನೊಂದು ಜೀವ ಉರ್ವದ ನಮ್ಮ ಮನೆಯ ಹಟ್ಟಿಯಲ್ಲಿತ್ತು. ಅದು ನಮ್ಮ ಕೆಂಪು ದನ. ಅದೆಂದರೆ ನನಗೆ ಪ್ರಾಣ.

ಅದು ಹಾಲು ಕೊಡುತ್ತಿದ್ದುದು ಅಕ್ಕನಿಗೆ ಮಾತ್ರ. ಬೇರೆ ಯಾರು ಮುಟ್ಟಿದರೂ, ಹಿಂಗಾಲಿಗೆ ಹಗ್ಗ ಕಟ್ಟದಿದ್ದರೆ ಒದೆತವೇ. ಅಕ್ಕ ಕೈಗೆ ತೆಂಗಿನೆಣ್ಣೆ ಸವರಿಕೊಂಡು, ತುಳುವಿನಲ್ಲಿ ‘ಉಂತು, ಉಂತು’ ಎನ್ನುವಳು. ನಿಲ್ಲು ನಿಲ್ಲು ಎಂದರ್ಥ. ದನ ನಿಲ್ಲುತ್ತಿತ್ತು. ಹೈಸ್ಕೂಲಿಗೆ ಹೋಗುತ್ತಿದ್ದ ಅಕ್ಕ ಹಾಲು ಕರೆಯುತ್ತಲೇ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುವಳು. ಒಬಿಡಿಯೆಂಟ್, ಡೋಸೈಲ್, ಮೀಕ್. ನನಗೆ ಎಲ್ಲದರ ಅರ್ಥವೂ ಒಂದೇ ಎನಿಸುತ್ತಿತ್ತು: ನಾನು ಏನಲ್ಲವೋ ಅದು.

ಸುತ್ತಲಿನ ಗದ್ದೆಗಳಲ್ಲಿ ಮನೆಗಳು ಏಳತೊಡಗಿ ದನ ಮೇಯಿಸಲು ಜಾಗವಿಲ್ಲದಂತಾಯಿತು. ಮಾರುವುದೇ ಸರಿ ಎಂದರು ಅಪ್ಪ. ತೊಕ್ಕೊಟ್ಟಿನಿಂದ ಒಬ್ಬರು ನೋಡಲು ಬರುವ ದಿನ ನನಗೆ ಗಂಜಿ ಸೇರಲಿಲ್ಲ. ಹಟ್ಟಿಗೂ ಗೇಟಿಗೂ ಓಡಾಡಿದೆ. ದನದ ಕುತ್ತಿಗೆಗೆ ಮುಖವೊತ್ತಿದರೆ ಬೈಹುಲ್ಲಿನ ಬೆಚ್ಚಗಿನ ವಾಸನೆ. ಅಳು ಬಂತು.

ಕೊಳ್ಳಲು ಬಂದವರ ಎದುರೇ ಹಾಲು ಕರೆದು ತೋರಿಸುವುದು ವಾಡಿಕೆ. ಹಿಂಗಾಲಿಗೆ ಹಗ್ಗ ಕಟ್ಟಿದರೆ ಒದೆಯುವ ದನವೆಂದು ಗೊತ್ತಾಗಿಬಿಡುತ್ತದೆ. ಅಪ್ಪ ಹಗ್ಗವನ್ನು ಮೊದಲೇ ಅಡಗಿಸಿ, ಅಕ್ಕನನ್ನು ಕೂರಲು ಹೇಳಿದರು. ಅಕ್ಕ ಕೂತಳು. ಚೊಂಬಿನಲ್ಲಿ ನೊರೆಹಾಲು ಏರಿತು, ದನ ಬಾಲವನ್ನೂ ಬೀಸಲಿಲ್ಲ.

“ಭಾರೀ ಪಾಪದ ದನ ಮಾರಾಯ್ರೆ!” ಬಂದವರು ಸಾಧು ದನ ಸಿಕ್ಕಿತೆಂದು ಹಿಗ್ಗಿದರು. ನನ್ನ ಎದೆ ಒಡೆಯಿತು.

ಅಕ್ಕ ಎದ್ದು ನಿಂತಳು. “ಪಾಪ ಅಲ್ಲ ಮಾಮ. ಇದು ಒಬಿಡಿಯೆಂಟ್, ಡೋಸೈಲ್ ಅಲ್ಲ.”

“ಹಾಗಂದ್ರೆ ಎಂತ?”

“ಒಬಿಡಿಯೆಂಟ್ ಅಂದ್ರೆ ಹೇಳಿದ ಮಾತು ಕೇಳುವುದು. ಡೋಸೈಲ್ ಅಂದ್ರೆ ಯಾರು ಮುಟ್ಟಿದ್ರೂ ಸುಮ್ಮನೆ ನಿಲ್ಲುವುದು. ಇದು ಹಾಗಲ್ಲ. ನಾನು ಹೇಳಿದ್ರೆ ಮಾತ್ರ ಕೇಳ್ತದೆ. ನಿಮ್ಮಲ್ಲಿಗೆ ನಾನು ಬರ್ಲಿಕ್ಕೆ ಉಂಟಾ?”

ಅಪ್ಪ ಕಣ್ಣು ಕೆಂಪು ಮಾಡಿದರು. ಬಂದವರು ನಗುತ್ತ ತಾವೇ ಚೊಂಬು ಹಿಡಿದು ಕುಕ್ಕರಿಸಿದರು. ಕೈ ಮುಟ್ಟಿದ್ದೇ ತಡ, ದನ ಝಾಡಿಸಿ ಒದೆಯಿತು. ಚೊಂಬು ತೆಂಗಿನ ಬುಡದವರೆಗೆ ಉರುಳಿತು, ಹಾಲೆಲ್ಲ ಅವರು ಉಟ್ಟಿದ್ದ ಬಿಳಿ ಮುಂಡಿನ ಮೇಲೆ. “ಅಯ್ಯೋ ದೇವೆರೆ!” ಎನ್ನುತ್ತ ಅವರು ಬಂದ ದಾರಿ ಹಿಡಿದರು. ನಾನು ಅಂಗಳದ ತುಂಬ ಕುಣಿದೆ.

“ಅಪ್ಪನ ಮಾತು ಕೇಳ್ಲಿಕ್ಕೆ ಆಗುದಿಲ್ವಾ ನಿಂಗೆ?” ಅಪ್ಪ ಅಕ್ಕನ ಮೇಲೆ ಹಾರಿದರು.

“ಕೂರು ಅಂದ್ರಿ, ಕೂತೆ. ಕರೆ ಅಂದ್ರಿ, ಕರೆದೆ. ನಾನು ಒಬಿಡಿಯೆಂಟೇ ಅಪ್ಪ,” ಅಕ್ಕ ಉರುಳಿದ ಚೊಂಬನ್ನು ಎತ್ತಿಕೊಂಡಳು. “ಡೋಸೈಲ್ ಅಲ್ಲ, ಅಷ್ಟೆ.”

ಅಪ್ಪ ಬೈಯಲು ಬಾಯಿ ತೆರೆದವರು ನಕ್ಕುಬಿಟ್ಟರು. ಮತ್ತೆ ಮಾರುವ ಮಾತು ಎತ್ತಲಿಲ್ಲ.

ಮೊಮ್ಮಕ್ಕಳೇ, ಈಗ ಕಾಟಿಪಳ್ಳದ ನಿಮ್ಮ ಫ್ಲಾಟಿಗೆ ಹಾಲು ಪ್ಯಾಕೆಟಿನಲ್ಲಿ ಬರುತ್ತದೆ, ಯಾರನ್ನೂ ಒದೆಯುವುದಿಲ್ಲ. ಕೈಗೆ ಮೊಬೈಲ್ ಕೊಟ್ಟರೆ ನೀವೂ ಅಲುಗಾಡುವುದಿಲ್ಲ. ನಿನ್ನೆ ಶಾಲೆಯ ಮೀಟಿಂಗಿನಲ್ಲಿ ಟೀಚರು ನಿಮ್ಮನ್ನು “ವೆರಿ ಡೋಸೈಲ್” ಎಂದು ಹೊಗಳಿದಾಗ ನಿಮ್ಮ ಅಮ್ಮನ ಮುಖ ಅರಳಿತು. ನನ್ನ ಎದೆ ಮಾತ್ರ ಧಸಕ್ಕೆಂದಿತು. ಆಗಲೇ ಬೆಂಚಿನ ಕೆಳಗೆ ಕಣ್ಣು ಹೋಯಿತು. ನಿಮ್ಮ ಕಾಲುಗಳು ಸುಮ್ಮನಿರದೆ ಒಂದೇ ಸಮನೆ ಆಡುತ್ತಿದ್ದವು. ಅಬ್ಬ, ಬದುಕಿದೆ ಎಂದುಕೊಂಡೆ.