ಮಾಳಪ್ಪನ ಟ್ರಾನ್ಸ್‌ಫರ್

ಕೋವಿಡ್ ಕಳೆದು ಮೈದಾನಗಳು ಮತ್ತೆ ತೆರೆದ ಮರುವರ್ಷದ ಮಾತು. ದಕ್ಷಿಣ ಗೋವಾದ ಒಂದು ಫುಟ್‌ಬಾಲ್ ಕ್ಲಬ್ಬಿನ ಯುವ ವಿಭಾಗದಲ್ಲಿ ನಾನು ಪ್ಲೇಯರ್ ವೆಲ್ಫೇರ್ ಆಫೀಸರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮನೆಯ ಹಿರಿಯನದು. ಹುಡುಗರು ಉಂಡರೇ, ಶಾಲೆಗೆ ಹೋದರೇ, ಜ್ವರ ಬಂದವನಿಗೆ ಔಷಧ ಸಿಕ್ಕಿತೇ ಎಂದು ನೋಡಿಕೊಳ್ಳುವುದು. ಬೇರೆ ಕ್ಲಬ್ ಒಬ್ಬನನ್ನು ಆರಿಸಿದರೆ ಅವನನ್ನು ಅಲ್ಲಿಗೆ ಮುಟ್ಟಿಸುವುದು. ಆ ಕ್ಲಬ್ ಬೇಡವೆಂದರೆ ಹೋಗಿ ಕರೆದುಕೊಂಡು ಬಂದು ಮನೆಗೆ ಬಿಡುವುದು. ಈ ಕೊನೆಯ ಎರಡು ಕೆಲಸಗಳಿಂದಾಗಿ ನನ್ನ ನೌಕರಿಯ ಬಹುಪಾಲು ರೈಲಿನಲ್ಲೇ ಕಳೆಯಿತು.

ನಾನು ಮೂಲತಃ ಧಾರವಾಡದವನು. ಹದಿನೆಂಟನೆಯ ವಯಸ್ಸಿಗೆ ವಾಸ್ಕೋದ ಒಂದು ಕಂಪನಿ ತಂಡಕ್ಕೆ ಆಡಲು ಬಂದೆ. ಮೊಣಕಾಲು ಕೈಕೊಟ್ಟಿತು. ಆಟ ಬಿಟ್ಟೆ, ಗೋವಾ ಬಿಡಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಪುರಸೊತ್ತಾಗಲಿಲ್ಲ ಎಂದು ಹೇಳಿ ನಗುತ್ತಿದ್ದೆ. ಮಡಗಾಂವದಲ್ಲಿ ಒಂದು ಬಾಡಿಗೆ ಕೋಣೆ, ಕೆಳಗೆ ಒಂದು ಖಾನಾವಳಿ, ಬದುಕಿಗೆ ಅಷ್ಟು ಸಾಕೆಂದು ನಂಬಿಕೊಂಡಿದ್ದೆ.

ಮಾಳಪ್ಪ ನಮ್ಮ ಹದಿನೈದರ ಒಳಗಿನ ತಂಡದ ಲೆಫ್ಟ್ ಬ್ಯಾಕ್. ಎಂದರೆ ಎಡಗಡೆಯ ರಕ್ಷಣೆ ಅವನದು. ತಂದೆ ಸಿದ್ದಪ್ಪ ವಿಜಯಪುರದ ಕಡೆಯ ಗೌಂಡಿ, ತಾಯಿ ಶಾಂತವ್ವ ಅವನೊಂದಿಗೇ ಬುಟ್ಟಿ ಹೊರುವವಳು, ತಂಗಿ ಗೌರಿ ಇನ್ನೂ ಚಿಕ್ಕವಳು. ಕಟ್ಟುವ ಕಟ್ಟಡದ ಮಗ್ಗುಲಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಇರುವ ಸಂಸಾರ. ಕಟ್ಟಡ ಮುಗಿದರೆ ಶೆಡ್ಡು ಬಿಚ್ಚಿ ಮುಂದಿನ ಸೈಟಿಗೆ ಹೋಗಬೇಕು. ಫೋಂಡಾ, ಸಾಂಗೆ, ಆಮೇಲೆ ಸಾವರ್ಡೆ. ಪಾಯ ತೋಡುವ ಮುನ್ನ ಸಮತಟ್ಟು ಮಾಡಿಟ್ಟ ಜಾಗದಲ್ಲಿ ಈ ಹುಡುಗ ಚೆಂಡು ಆಡಲು ಕಲಿತಿದ್ದ. ಪಾಯ ತೋಡಿದ ದಿನ ಅವನ ಮೈದಾನ ಮುಗಿಯುತ್ತಿತ್ತು. ಇಕ್ಕಟ್ಟಿನಲ್ಲಿ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಅವನ ಚಾಲಾಕಿತನ ಅಲ್ಲಿಂದ ಬಂದದ್ದಿರಬೇಕು. ನಮ್ಮ ಹಾಸ್ಟೆಲ್ಲಿನಲ್ಲಿ ಜಾಗವಿದ್ದರೂ ಅವನು ಅಲ್ಲಿ ಇರಲಿಲ್ಲ. ದಿನವೂ ಬಸ್ಸಿನಲ್ಲಿ ಬಂದು, ಆಡಿ, ಹೊತ್ತು ಮುಳುಗುವ ಮುನ್ನ ಶೆಡ್ಡಿಗೆ ಮರಳುತ್ತಿದ್ದ.

ಆ ವರ್ಷ ಕೋಲ್ಕತ್ತದ ಒಂದು ದೊಡ್ಡ ಕ್ಲಬ್ಬಿನ ಸ್ಕೌಟ್ ನಮ್ಮ ಪಂದ್ಯಗಳನ್ನು ನೋಡಲು ಬಂದ. ಸ್ಕೌಟ್ ಎಂದರೆ ಊರೂರು ತಿರುಗಿ ಹುಡುಗರನ್ನು ಆರಿಸುವವನು. ಅವನಿಗೆ ಮಾಳಪ್ಪ ಬೇಕಾದ. ಹದಿನೆಂಟು ತುಂಬದ ಆಟಗಾರ ಕ್ಲಬ್ ಬದಲಿಸಲು ಪಾಲಕರ ಒಪ್ಪಿಗೆ ಬೇಕು. ಅಲ್ಲದೆ ಹೆಸರು ನೋಂದಾಯಿಸಲು ವರ್ಷದಲ್ಲಿ ಕೆಲವೇ ವಾರ ಬಾಗಿಲು ತೆರೆದಿರುತ್ತದೆ. ಅದನ್ನು ವಿಂಡೋ ಎನ್ನುತ್ತಾರೆ. ಆ ಕಿಟಕಿ ಮುಚ್ಚಿದರೆ ಮುಂದಿನ ಸೀಸನ್‌ವರೆಗೆ ಕಾಯಬೇಕು, ಅಷ್ಟರಲ್ಲಿ ಅವರಿಗೆ ಬೇರೊಬ್ಬ ಲೆಫ್ಟ್ ಬ್ಯಾಕ್ ಸಿಕ್ಕಿರುತ್ತಾನೆ. ಕನ್ನಡ ಬಲ್ಲವನೆಂದು ಕ್ಲಬ್ ನನ್ನನ್ನೇ ಸಾವರ್ಡೆಯ ಶೆಡ್ಡಿಗೆ ಕಳಿಸಿತು.

ಸಿದ್ದಪ್ಪ ಕೈಗೆ ಹತ್ತಿದ ಸಿಮೆಂಟು ತೊಳೆದುಕೊಂಡು ಬಂದು ಕುಳಿತ. ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಇರಾಕ ಜಾಗಾ ಕೊಡತಾರೇನ್ರಿ ಅವರು?"

"ಕೊಡತಾರ. ಊಟಾ, ಸಾಲಿ, ಎಲ್ಲಾ ಅವರದ."

ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು, "ನೀರಿಂದು ಹೆಂಗ್ರಿ? ಸಂತಿ ಭಾಳ ದೂರಾಗತೈತೇನ್ರಿ?"

ನೀರು ಚಲೋ ಇದೆ, ಪೇಟೆ ಹತ್ತಿರವಿದೆ ಎಂದೆ. ಮಗನನ್ನು ದೂರ ಕಳಿಸುವ ತಾಯಿ ಏನೇನೋ ಕೇಳುತ್ತಾಳೆ, ಅದರಲ್ಲಿ ವಿಶೇಷವೇನು ಎಂದುಕೊಂಡೆ. ಸಿದ್ದಪ್ಪ ಹೆಬ್ಬೆಟ್ಟು ಒತ್ತಿದ. ಶಾಂತವ್ವ ನನಗೆ ಬಿಸಿರೊಟ್ಟಿ ಹಾಕಿದಳು. ಇಷ್ಟು ಸಲೀಸಾಗಿ ಒಪ್ಪಿದ ಪಾಲಕರನ್ನು ನಾನು ಕಂಡಿರಲಿಲ್ಲ.

ಹೊರಡುವ ದಿನ ಬಂತು. ಹೌರಾ ಕಡೆಗೆ ಹೋಗುವ ಗಾಡಿಯನ್ನು ನಾನು ಮಡಗಾಂವದಲ್ಲಿ ಹತ್ತಿದೆ. ಹುಡುಗ ಸಾವರ್ಡೆಯಲ್ಲಿ ಹತ್ತಬೇಕಿತ್ತು. ಗಾಡಿ ಅಲ್ಲಿ ನಿಂತಾಗ ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ಬಾಗಿಲಲ್ಲಿ ನಿಂತು ನೋಡಿದರೆ ಮಾಳಪ್ಪ ಕ್ಲಬ್ಬಿನ ಟ್ರ್ಯಾಕ್‌ಸೂಟಿನಲ್ಲಿ ನಿಂತಿದ್ದಾನೆ. ಅವನ ಹಿಂದೆ ಸಿದ್ದಪ್ಪ, ತಲೆಯ ಮೇಲೆ ಸುರುಳಿ ಸುತ್ತಿದ ತಾಡಪತ್ರಿ, ಹೆಗಲಲ್ಲಿ ಕರಣಿ, ತೂಗುಗುಂಡು ತುಂಬಿದ ಗೋಣಿಚೀಲ. ಶಾಂತವ್ವನ ಕಂಕುಳಲ್ಲಿ ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಣಮಿಗೆ, ಪಾತ್ರೆಯ ಗಂಟು. ಗೌರಿಯ ಸೊಂಟದಲ್ಲಿ ಅವಳಷ್ಟೇ ಎತ್ತರದ ಪ್ಲಾಸ್ಟಿಕ್ ಕೊಡ.

"ಇದೇನ್ರೀ ಸಿದ್ದಪ್ಪ?" ಎಂದೆ.

"ಸಂಸಾರ್ರಿ," ಎಂದ.

ನನಗೆ ಒಂದು ಕ್ಷಣ ನಗು ಬಂತು, ಮರುಕ್ಷಣ ವಿಷಯ ಹೊಳೆಯಿತು. ನಾನು ಹೇಳಿದ ಒಂದು ಮಾತೂ ತಪ್ಪಿರಲಿಲ್ಲ. ಅವರು ಕೇಳಿಸಿಕೊಂಡದ್ದೂ ತಪ್ಪಿರಲಿಲ್ಲ. ಗೌಂಡಿ ಕೆಲಸದಲ್ಲಿ ಮೇಸ್ತ್ರಿ ಒಬ್ಬನನ್ನು ಕರೆದ ಎಂದರೆ ಒಂದು ಮನೆಯನ್ನೇ ಕರೆದ ಎಂದು ಅರ್ಥ. ಇರಲು ಜಾಗ ಕೊಡುತ್ತೇನೆ ಎಂದರೆ ಒಲೆ ಹೂಡುವಷ್ಟು ಜಾಗ ಕೊಡುತ್ತೇನೆ ಎಂದು ಅರ್ಥ. ಒಬ್ಬನೇ ಹೋಗುವ ಕೆಲಸ ಎಂಬುದು ಅವರ ಅನುಭವದಲ್ಲೇ ಇರಲಿಲ್ಲ. ನನ್ನ ಅನುಭವದಲ್ಲಿ ಬೇರೆ ಬಗೆಯದು ಇರಲಿಲ್ಲ.

ಗಾಡಿ ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. "ಶೆಡ್ಡು?" ಎಂದು ಕೇಳಿದೆ. ನಿನ್ನೆಯೇ ಮೇಸ್ತ್ರಿ ಅದನ್ನು ಬೇರೆಯವರಿಗೆ ಕೊಟ್ಟನಂತೆ, ಹೊಸ ಜೋಡಿ ಬಂದು ಒಲೆಯನ್ನೂ ಹಚ್ಚಿತಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಜನರಲ್ ಡಬ್ಬಿಯ ಕಡೆ ಓಡಿದರು. ಟಿಕೆಟ್ಟನ್ನು ಮೊದಲೇ ತೆಗೆಸಿದ್ದರು.

ಮಾಳಪ್ಪ ನನ್ನ ಎದುರು ಕುಳಿತು ಕಿಟಕಿಯ ಕಡೆ ಮುಖ ತಿರುಗಿಸಿದ.

"ನಿನಗ ಗೊತ್ತಿತ್ತಲ್ಲೋ. ಹೇಳಾಕ ಆಗಲಿಲ್ಲ?"

"ಹೇಳಿದ್ನಿರಿ. ಅವ್ವ ನಕ್ಕಳ್ರಿ. ಒಬ್ಬನ್ನ ಯಾರರ ಕರಿತಾರೇನೋ ಹುಚ್ಚಾ ಅಂದಳು."

ಕೋಲ್ಕತ್ತದ ಹಾಸ್ಟೆಲ್ ಮ್ಯಾನೇಜರ್‌ಗೆ ಫೋನ್ ಮಾಡಿದೆ. ವಿಷಯ ಕೇಳಿ ಅವನೂ ಮೊದಲು ನಕ್ಕ. ಆಮೇಲೆ ಹಿಂದಿಯಲ್ಲಿ, ಇದು ಅಕಾಡೆಮಿ, ಧರ್ಮಶಾಲೆಯಲ್ಲ, ವಿಂಡೋ ಮುಚ್ಚುತ್ತಾ ಬಂದಿದೆ, ಹುಡುಗ ಬಂದರೆ ಬರಲಿ, ಇಲ್ಲದಿದ್ದರೆ ಈಗಲೇ ಹೇಳಿ ಎಂದ. ಅವನ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ನಾನೇ ಎಷ್ಟೋ ಪಾಲಕರಿಗೆ ಇದನ್ನೇ ಮೆತ್ತಗೆ ಹೇಳಿದ್ದೆ.

ಕುಳೆ ಸ್ಟೇಷನ್ನಿನಲ್ಲಿ ಘಾಟಿ ಹತ್ತಲು ಹಿಂದಿನಿಂದ ಬೇರೆ ಎಂಜಿನ್‌ಗಳನ್ನು ಜೋಡಿಸುತ್ತಾರೆ, ಗಾಡಿ ತುಸು ಹೊತ್ತು ನಿಲ್ಲುತ್ತದೆ. ಹುಡುಗನನ್ನು ಕರೆದುಕೊಂಡು ಜನರಲ್ ಡಬ್ಬಿಗೆ ಹೋದೆ. ಗಂಟುಗಳ ಮೇಲೆ ಗಂಟಾಗಿ ಕುಳಿತಿದ್ದರು. ನನಗೆ ಜಾಗ ಮಾಡಿಕೊಟ್ಟರು. ಗಾಡಿ ಸುರಂಗಗಳನ್ನು ದಾಟುತ್ತಿದ್ದಂತೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಹಾಸ್ಟೆಲ್ಲಿನಲ್ಲಿ ಹುಡುಗನಿಗೆ ಮಾತ್ರ ಜಾಗ. ತಂದೆತಾಯಿ ವರ್ಷಕ್ಕೊಮ್ಮೆ ಬಂದು ನೋಡಬಹುದು. ಹುಬ್ಬಳ್ಳಿಯಲ್ಲಿ ನನಗೆ ಪರಿಚಯದ ಗುತ್ತಿಗೆದಾರನಿದ್ದಾನೆ, ನೀವು ಅಲ್ಲಿ ಇಳಿಯಿರಿ, ಕೆಲಸಕ್ಕೆ ನಾನು ಹೇಳುತ್ತೇನೆ.

ಶಾಂತವ್ವ ನನ್ನನ್ನೇ ನೋಡುತ್ತಾ ಕೇಳಿದಳು.

"ಹಂಗಾದ್ರ ಇಂವಂಗ ಅಲ್ಲಿ ನಮ್ಮವರು ಅಂತ ಯಾರಿರತಾರ್ರಿ?"

"ನಾನೂ ಹಿಂಗ ಬಂದಾಂವನ ಬೇ. ಹದಿನೆಂಟಕ್ಕ. ರೂಢಿ ಆಗತೈತಿ."

"ನಿಮ್ಮ ಜೋಡಿ ಯಾರ್ ಬಂದಿದ್ರಿ?"

"ಯಾರೂ ಬಂದಿದ್ದಿಲ್ಲ."

"ಈಗ ಯಾರ್ ಅದಾರ್ರಿ?"

ಎಂಥ ಸಾದಾ ಪ್ರಶ್ನೆ. ಅದಕ್ಕೆ ನನ್ನ ಬಳಿ ಇದ್ದ ತಮಾಷೆಯ ಉತ್ತರ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಯಾರೂ ಇಲ್ಲ ಎಂದೆ. ಅವಳು ನನ್ನನ್ನು ಹಂಗಿಸಲಿಲ್ಲ, ಅಯ್ಯೋ ಎಂದೂ ಅನ್ನಲಿಲ್ಲ. ಗಂಡನ ಕಡೆ ತಿರುಗಿ, "ನೋಡ್ರಿ," ಎಂದಳು, ಅಷ್ಟೇ. ಬಿರುಕು ಬಿಟ್ಟ ಗೋಡೆಯನ್ನು ತೋರಿಸುವವರ ದನಿ ಅದು. ನನಗೆ ಬಹಳ ನೋವಾಯಿತು. ಸಿಟ್ಟೂ ಬಂತು. ಕಂಪನಿ ತಂಡಕ್ಕೆ ಆಡಿದವನು ನಾನು, ಇಂಗ್ಲಿಷ್ ಬಲ್ಲವನು, ಇವರ ಮಗನ ಭವಿಷ್ಯಕ್ಕಾಗಿ ಓಡಾಡುತ್ತಿರುವವನು. ಇವಳ ಲೆಕ್ಕದಲ್ಲಿ ಮಗ ಏನಾಗಬಾರದು ಎಂಬುದಕ್ಕೆ ಉದಾಹರಣೆಯಾಗಿಬಿಟ್ಟಿದ್ದೆ.

ಮಾಳಪ್ಪನಿಗೆ ತಡೆಯಲಾಗಲಿಲ್ಲ. "ಅವ್ವಾ, ನೀವು ಇಳೀರಿ. ನಾ ಒಬ್ಬನ ಇರತೇನಿ. ಈ ಸಲ ಬಿಟ್ರ ನನ್ನ ಮತ್ತ ಯಾರೂ ಕರಿಯಂಗಿಲ್ಲ," ಎಂದ. ಗೌರಿ ಕೊಡದ ಮೇಲೆ ಗಲ್ಲ ಊರಿಕೊಂಡು ಅಣ್ಣನನ್ನೇ ನೋಡುತ್ತಿದ್ದಳು.

ಹುಬ್ಬಳ್ಳಿ ಬಂದಾಗ ಮಧ್ಯಾಹ್ನ. ಇಳಿಯುತ್ತಾರೆಂದೇ ಭಾವಿಸಿ ಪಾತ್ರೆಯ ಗಂಟನ್ನು ನಾನೇ ಎತ್ತಿಕೊಂಡು ಪ್ಲಾಟ್‌ಫಾರ್ಮಿಗೆ ಇಳಿದೆ. ಸಿದ್ದಪ್ಪ ಬಾಗಿಲಿಗೆ ಬಂದು ನಿಂತ. ದಾರಿಯುದ್ದಕ್ಕೂ ಅವನು ಯೋಚಿಸುತ್ತಿದ್ದುದು ಒಂದೇ ವಿಷಯವನ್ನು.

"ಸರ, ಅಲ್ಲಿ ಮನಿ ಕಟ್ಟಂಗಿಲ್ಲೇನ್ರಿ?"

"ಎಲ್ಲಿ?"

"ಕಲ್ಕತ್ತಾದಾಗ."

"ಕಟ್ಟತಾರ. ಎಲ್ಲಾ ಊರಾಗೂ ಕಟ್ಟತಾರ."

"ಮತ್ತ?" ಎಂದ. ಕೈಚಾಚಿ ನನ್ನಿಂದ ಗಂಟು ತೆಗೆದುಕೊಂಡು ಒಳಗಿಟ್ಟ. ಫೋಂಡಾದಲ್ಲಿ ತನ್ನ ಜೊತೆ ಪ್ಲಾಸ್ಟರ್ ಮಾಡಿದ ಬಂಗಾಲಿ ಗೌಂಡಿಯೊಬ್ಬನಿದ್ದಾನೆ, ಅವನ ಅಣ್ಣ ಅಲ್ಲೇ ಕೆಲಸ ಹಿಡಿಸುತ್ತಾನೆ, ಫೋನ್ ಮಾಡಿದ್ದೇನೆ ಎಂದು ಆಮೇಲೆ ಹೇಳಿದ. ಆ ನಾಡಿನ ಗೌಂಡಿಗಳೆಲ್ಲ ಹೆಚ್ಚಿನ ಕೂಲಿಗೆಂದು ಗೋವಾಕ್ಕೆ ಬರುತ್ತಿದ್ದ ಕಾಲದಲ್ಲಿ ಇವನೊಬ್ಬ ಉಲ್ಟಾ ಹೊರಟಿದ್ದ.

ಕೋಲ್ಕತ್ತದಲ್ಲಿ ಹುಡುಗನನ್ನು ಹಾಸ್ಟೆಲ್ಲಿಗೆ ಒಪ್ಪಿಸಿದೆ. ಸಂಸಾರ ಗೇಟಿನ ಹೊರಗೆ ನಿಂತು ನೋಡಿತು, ಮ್ಯಾನೇಜರ್ ಒಳಗೆ ಬಿಡಲಿಲ್ಲ. ಮಾಳಪ್ಪ ಮೆಟ್ಟಿಲು ಹತ್ತಿ ಕಾಣೆಯಾದ ಮೇಲೆ ಸಿದ್ದಪ್ಪ ತಾಡಪತ್ರಿ ಎತ್ತಿಕೊಂಡ. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದ ಶಾಂತವ್ವ ಉಳಿದ ರೊಟ್ಟಿಯನ್ನು ನನಗೆ ಕಟ್ಟಿಕೊಟ್ಟಳು. ದಾರಿ ದೂರ ಐತಿ, ಒಬ್ಬರ ಹೊಂಟೀರಿ ಎಂದಳು.

ಮರಳುವಾಗ ನನ್ನ ಎದುರಿನ ಸೀಟು ಖಾಲಿಯಿತ್ತು. ಯಾರಾದರೂ ಬರುವವರಿದ್ದಾರೆಯೇ ಎಂದು ಒಬ್ಬರು ಕೇಳಿದರು. ಇಲ್ಲ, ಕೂಡ್ರಿ ಎಂದೆ. ಆ ಪ್ರಯಾಣದಲ್ಲಿ ನನಗೆ ಹೊಟ್ಟೆಕಿಚ್ಚಾಯಿತು. ಹದಿನೈದೂ ತುಂಬದ ಹುಡುಗನ ಮೇಲೆ, ಅವನ ಆಟದ ಬಗ್ಗೆ ಅಲ್ಲ.

ಎರಡು ಸೀಸನ್ ಮಾಳಪ್ಪ ಅಲ್ಲಿ ಆಡಿದ. ಮೂರನೆಯದು ಶುರುವಾಗುವ ಮುನ್ನ ಕ್ಲಬ್ ಅವನನ್ನು ರಿಲೀಸ್ ಮಾಡಿತು. ಎಂದರೆ ಕೈಬಿಟ್ಟಿತು. ಅವನ ತಪ್ಪೇನೂ ಇರಲಿಲ್ಲ. ಎತ್ತರ ಸಾಲದು ಎಂದರು. ದೊಡ್ಡ ಅಕಾಡೆಮಿಗಳಿಗೆ ಹೋದ ಹುಡುಗರಲ್ಲಿ ಹೆಚ್ಚಿನವರ ಪಾಡು ಇದೇ. ಆದರೆ ಹೋಗುವಾಗ ಯಾವ ಹುಡುಗನೂ ಅದನ್ನು ನಂಬುವುದಿಲ್ಲ. ರಿಲೀಸ್ ಆದವರನ್ನು ಕರೆತರುವ ಪ್ರಯಾಣ ಬಲು ಕಷ್ಟದ್ದು. ಉಣ್ಣುವುದಿಲ್ಲ, ಮಾತಾಡುವುದಿಲ್ಲ. ಒಬ್ಬ ಹುಡುಗ ತನ್ನ ಊರು ಬಂದರೂ ಇಳಿಯಲಿಲ್ಲ. ಮುಂದಿನ ಸ್ಟೇಷನ್ನಿನವರೆಗೂ ಹೋಗಿ, ಅಲ್ಲಿ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತು, ವಾಪಸ್ ಬಂದೆವು. ನನ್ನ ಮೊಣಕಾಲು ಹೋದ ವರ್ಷ ನಾನು ಊರಿಗೆ ಮುಖ ತೋರಿಸದೆ ಗೋವಾದಲ್ಲೇ ಉಳಿದದ್ದೂ ಇದೇ ಕಾರಣಕ್ಕೆ.

ಹಾಗಾಗಿ ಮಾಳಪ್ಪನನ್ನು ಕರೆತರಲು ಹೊರಟಾಗ ದಾರಿಯುದ್ದಕ್ಕೂ ಸಮಾಧಾನದ ಮಾತು ಜೋಡಿಸಿಕೊಂಡೆ. ಹಾಸ್ಟೆಲ್ ಮುಟ್ಟಿದಾಗ ಗೇಟಿನಲ್ಲಿ ಸಿದ್ದಪ್ಪ ನಿಂತಿದ್ದ. ಕೆಲಸದ ಬಟ್ಟೆಯಲ್ಲೇ ಬಂದಿದ್ದ, ಕೈಗೆ ಸಿಮೆಂಟು ಹತ್ತಿತ್ತು. ಮಗನ ಟ್ರಂಕು ಆಗಲೇ ಅವನ ಹೆಗಲ ಮೇಲಿತ್ತು. ಪಕ್ಕದಲ್ಲಿ ಮಾಳಪ್ಪ, ಅತ್ತು ಕೆಂಪಾದ ಕಣ್ಣು. ಅವನ ಶೂ ಹಿಡಿದುಕೊಂಡು ಗೌರಿ ಅದೇನೋ ಬಂಗಾಲಿಯಲ್ಲಿ ವಟಗುಟ್ಟುತ್ತಿದ್ದಳು.

ಸಿದ್ದಪ್ಪನಿಗೆ ನನ್ನನ್ನು ಕಂಡು ನಿಜಕ್ಕೂ ಆಶ್ಚರ್ಯವಾಯಿತು.

"ನೀವ್ಯಾಕ ಬಂದ್ರಿ ಸರ, ಇಷ್ಟ್ ದೂರ? ನಾವ್ ಅದೇವಲ್ರೀ."

ಜೋಡಿಸಿಕೊಂಡ ಮಾತುಗಳೆಲ್ಲ ನನ್ನೊಳಗೇ ಉಳಿದವು. ಅವರು ನನ್ನನ್ನು ಸೈಟಿಗೆ ಕರೆದೊಯ್ದರು. ಗಿಲಾವು ಆಗದ ಗೋಡೆಗಳ ನಡುವೆ ಶಾಂತವ್ವ ಬಡಿಸಿದಳು. ಮಾಳಪ್ಪ ಮೊದಲು ಬೇಡವೆಂದ, ತಂಗಿ ತಟ್ಟೆಗೆ ಕೈ ಹಾಕಿದ್ದಕ್ಕೆ ಜಗಳವಾಡಿದ, ಆಮೇಲೆ ಉಂಡ. ಯಾರೂ ಅವನಿಗೆ ಸಮಾಧಾನ ಹೇಳಲಿಲ್ಲ. ನಾಲ್ಕು ದಿನ ಇದ್ದು ಹೋಗಿರಿ ಎಂದು ಶಾಂತವ್ವ ಒತ್ತಾಯ ಮಾಡಿದಳು. ಆಫೀಸಿನಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿದೆ. ಇದ್ದಿದ್ದರೆ ಬಿಟ್ಟು ಬರುವುದು ನನಗೆ ಕಷ್ಟವಾಗುತ್ತಿತ್ತು.

ಮಾಳಪ್ಪ ಈಗ ಅದೇ ನಗರದಲ್ಲಿ ಕೆಳ ಡಿವಿಜನ್ನಿನ ತಂಡವೊಂದಕ್ಕೆ ಆಡುತ್ತಾನೆ. ನಾನು ನಿವೃತ್ತನಾಗಿದ್ದೇನೆ. ಆ ಘಟನೆಯ ನಂತರ ಉಳಿದ ಸೇವೆಯುದ್ದಕ್ಕೂ ಹುಡುಗನನ್ನು ಕೇಳಿಕೊಂಡು ಬಂದ ಪ್ರತಿ ಕ್ಲಬ್ಬಿಗೂ ಒಂದು ಪ್ರಶ್ನೆ ಹಾಕುತ್ತಿದ್ದೆ: ನೀವು ಇವನನ್ನು ಬೇಡವೆಂದ ದಿನ ನಿಮ್ಮ ಗೇಟಿನಲ್ಲಿ ಇವನಿಗಾಗಿ ಯಾರು ನಿಂತಿರುತ್ತಾರೆ? ಬಹಳ ಮಂದಿ ನಕ್ಕರು. ಕೆಲವರು, ಅದಕ್ಕೆ ನೀವಿದ್ದೀರಲ್ಲ ಎಂದರು. ನಾನೊಬ್ಬನಿದ್ದರೆ ಸಾಲದು ಎಂದು ಅವರಿಗೆ ತಿಳಿಸಿ ಹೇಳುವುದು ನನ್ನಿಂದ ಕೊನೆಯವರೆಗೂ ಆಗಲಿಲ್ಲ.