ಲಸಿಕೆ ಸೋತದ್ದು ಎಲ್ಲಿ?

ಕೋವಿಡ್ ಲಾಕ್‌ಡೌನ್ ಮುಗಿದ ಮರುವರ್ಷ ನಾನು ಹರಿಹರದಲ್ಲಿ ಪಶುವೈದ್ಯಾಧಿಕಾರಿ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಲೆಬೆನ್ನೂರಿನ ಹತ್ತಿರ ಶಾಂತಮ್ಮ ಎಂಬವರ ಫಾರಂನಲ್ಲಿ ಮೂರು ಸಾವಿರ ಮೊಟ್ಟೆಕೋಳಿ ಮರಿಗಳಿದ್ದವು. ಎಂಟನೇ ವಾರಕ್ಕೆ ರಾಣಿಖೇತ್ ರೋಗದ ಲಸಿಕೆ ಹಾಕಿಸಿದ್ದರು. ಆದರೂ ಇಪ್ಪತ್ತು ದಿನಕ್ಕೆಲ್ಲ ಅದೇ ರೋಗ ಬಂದು ಕೋಳಿಗಳು ಸಾಯತೊಡಗಿದವು.

ಲಸಿಕೆ ಹಾಕಿದವನು ಬಸವರಾಜ. ಹದಿನೈದು ವರ್ಷದಿಂದ ಸುತ್ತಲಿನ ಫಾರಂಗಳಿಗೆಲ್ಲ ಅವನೇ ಹೋಗುತ್ತಿದ್ದ.

ಶಾಂತಮ್ಮ ಸಿಟ್ಟಿನಲ್ಲಿ ಕಚೇರಿಗೆ ಬಂದರು. "ಲಸಿಕೆ ಕೆಟ್ಟಿತ್ತು ಡಾಕ್ಟ್ರೇ. ಅವ್ನು ಇನ್ನೆಲ್ಲೂ ಸೂಜಿ ಹಿಡೀಬಾರ್ದು, ಹಂಗೆ ಬರೀರಿ."

ನನಗೂ ಹಾಗೇ ಅನ್ನಿಸಿತ್ತು. ಐಸ್ ಇಲ್ಲದೆ ಒಯ್ದರೆ ಲಸಿಕೆ ಕೆಡುತ್ತದೆ. ವರದಿಯನ್ನು ಅರ್ಧ ಬರೆದಿದ್ದೆ. ಅಷ್ಟರಲ್ಲಿ ಬಸವರಾಜ ಬಂದ. ಆಗಲೇ ನಾಲ್ಕು ಫಾರಂನವರು ಅವನನ್ನು ಬೇಡ ಎಂದಿದ್ದರು.

"ಐಸ್ ಇಲ್ದೆ ಒಂದಿನಾನೂ ಒಯ್ದಿಲ್ರಿ ಸಾರ್. ಅವತ್ತೇ ಪಕ್ಕದ ಫಾರಂಗೂ ಹಾಕೀನಿ, ಹೋಗಿ ನೋಡ್ರಿ."

ಹೋಗಿ ನೋಡಿದೆ. ಅದೇ ಲಸಿಕೆ ಹಾಕಿದ ಅಲ್ಲಿನ ಕೋಳಿಗಳು ಗಟ್ಟಿಮುಟ್ಟಾಗಿದ್ದವು. ಕಚೇರಿಗೆ ಬಂದು ಬರೆದದ್ದನ್ನು ಹರಿದುಹಾಕಿದೆ.

ಮರುದಿನ ಶಾಂತಮ್ಮನವರ ಫಾರಂನಲ್ಲಿ ಸತ್ತ ಆರು ಕೋಳಿಗಳ ಪೋಸ್ಟ್‌ಮಾರ್ಟಂ ಮಾಡಿದೆ. ಕೋಳಿಯ ಹಿಂಭಾಗದಲ್ಲಿ ಬರ್ಸಾ ಎಂಬ ಸಣ್ಣ ಚೀಲವಿರುತ್ತದೆ. ರೋಗದ ವಿರುದ್ಧ ಪ್ರತಿಕಾಯ ತಯಾರಿಸುವ ಜೀವಕೋಶಗಳು ಪಳಗುವುದು ಅಲ್ಲೇ. ನೆಲ್ಲಿಕಾಯಿಯಷ್ಟಿರಬೇಕಾದ ಆ ಚೀಲ ಆರರಲ್ಲೂ ಕಡಲೆಯಷ್ಟಕ್ಕೆ ಕುಗ್ಗಿತ್ತು. ಮರಿಗಳ ಬರ್ಸಾವನ್ನೇ ಹಾಳುಮಾಡುವ ಗುಂಬೋರೊ ವೈರಸ್‌ನ ಗುರುತು ಅದು.

ಸ್ಯಾಂಪಲ್‌ಗಳನ್ನು ಬೆಂಗಳೂರಿನ ಲ್ಯಾಬ್‌ಗೆ ಕಳಿಸಿದೆ. ಗುಂಬೋರೊ ವೈರಸ್ ಸಿಕ್ಕಿತು. ಜೊತೆಗೆ ಅಲ್ಲಿನವರು ರೋಗನಿರೋಧಕ ಜೀನ್‌ಗಳನ್ನೂ ಪರೀಕ್ಷಿಸಿದ್ದರು. ಯಾವ ಪ್ರೋಟೀನ್ ತಯಾರಾಗಬೇಕು ಎಂದು ಜೀವಕೋಶಕ್ಕೆ ಹೇಳುವುದು ಜೀನ್. ವೈರಸ್ ಬಂದಿದೆ ಎಂದು ಎಚ್ಚರಿಸುವ ಇಂಟರ್‌ಫೆರಾನ್‌ನ ಜೀನ್, ಪ್ರತಿಕಾಯದ ಜೀನ್‌ಗಳು ಈ ಕೋಳಿಗಳಲ್ಲಿ ಹೆಚ್ಚುಕಡಿಮೆ ಸುಮ್ಮನಾಗಿದ್ದವು. ಕೋಳಿಗಳು ಎಳೆಮರಿಗಳಾಗಿದ್ದಾಗಲೇ ಸದ್ದಿಲ್ಲದೆ ಹೊಕ್ಕ ವೈರಸ್ ಆ ಜೀನ್‌ಗಳ ಬಾಯಿ ಕಟ್ಟಿತ್ತು. ಲಸಿಕೆ ಚೆನ್ನಾಗಿಯೇ ಇತ್ತು, ಅದಕ್ಕೆ ಓಗೊಡುವ ಶಕ್ತಿ ಕೋಳಿಗಳಿಗಿರಲಿಲ್ಲ.

ಶಾಂತಮ್ಮನವರಿಗೆ ಎಲ್ಲ ಬಿಡಿಸಿ ಹೇಳಿದೆ. "ಹಂಗಾರೆ ಮುಂದಿನ ಬ್ಯಾಚ್‌ಗೆ ಏನ್ ಮಾಡ್ಬೇಕು?" ಎಂದರು. ಶೆಡ್ ತೊಳೆದು ಔಷಧಿ ಹೊಡೆಸಿ ಖಾಲಿ ಬಿಡಿ, ಮರಿಗಳಿಗೆ ಮೊದಲು ಗುಂಬೋರೊ ಲಸಿಕೆ ಹಾಕಿಸಿ ಎಂದೆ. ಹಾಕಲು ಅವರು ಕರೆದದ್ದು ಬಸವರಾಜನನ್ನೇ. ಆ ಬ್ಯಾಚ್ ಉಳಿಯಿತು.

ಸಾವಿನ ಕಾರಣ ಹುಡುಕುವವನ ಕೈಗೆ ಮೊದಲು ಸಿಗುವುದು ಕೊನೆಗೆ ಮುಟ್ಟಿದವನ ಹೆಸರು. ಕೋಳಿಯನ್ನು ಕೊಯ್ದು ನೋಡುವ ಮೊದಲು ಆ ಹೆಸರು ಬರೆಯಬಾರದೆಂದು ಕಲಿಯಲು ನನಗೆ ಮೂವತ್ತು ವರ್ಷದ ನೌಕರಿ ಬೇಕಾಯಿತು.