ಹೊಳೆಯ ಮರಳಿಗೆ ಕಾವಲು

ಶಿವನಂಜಮ್ಮ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೆಂಗಸಲ್ಲ. 1999ರ ಬೇಸಿಗೆಯಲ್ಲಿ ಅದನ್ನೇ ಮಾಡಬೇಕಾಗಿ ಬಂದು ಊರಿನ ಎಲ್ಲರ ಬಾಯಿಗೆ ಸಿಕ್ಕಿಬಿದ್ದಳು.

ಅವಳ ಊರು ಕೊಳ್ಳೇಗಾಲದ ಆಚೆ, ಕಾವೇರಿಯ ದಡದಲ್ಲಿದೆ. ಎಂಬತ್ತರ ದಶಕದಲ್ಲಿ ಸಂಕ್ರಾಂತಿ ಕಳೆದು ನೀರು ಇಳಿದ ಕೂಡಲೇ ಊರಿನ ಹತ್ತಾರು ಮನೆಯವರು ಹೊಳೆಯ ಮರಳಿಗೆ ಇಳಿಯುತ್ತಿದ್ದರು. ಮರಳಲ್ಲಿ ಗುಂಡಿ ತೋಡಿ, ತಳಕ್ಕೆ ಕೊಟ್ಟಿಗೆ ಗೊಬ್ಬರ ತುಂಬಿ ಸೌತೆ ಬೀಜ ಹಾಕುವುದು. ಜೊಂಡಿನ ಗುಡಿಸಲು ಕಟ್ಟಿ, ರಾತ್ರಿ ಬೆಂಕಿ ಹಾಕಿ ತಗಡು ಬಡಿದು ಹಂದಿ ಓಡಿಸುತ್ತ ಮಳೆಗಾಲದವರೆಗೆ ಅಲ್ಲೇ ಇರುವುದು. ಅದೇ ಹೊತ್ತಿಗೆ ಹೊಳೆಯ ಆಮೆಗಳೂ ಮೊಟ್ಟೆಯಿಡಲು ಮರಳಿಗೆ ಏರುತ್ತಿದ್ದವು. ಗುಂಡಿ ತೋಡುವಾಗ ಮೊಟ್ಟೆ ಸಿಕ್ಕರೆ ಮರಳು ಮುಚ್ಚಿ, ಮೇಲೆ ಜಾಲಿಯ ಕೊಂಬೆ ಹೊದಿಸಿ, ಗುಂಡಿಯನ್ನು ಒಂದು ಮಾರು ಆಚೆಗೆ ತೆಗೆಯುವುದು ರೂಢಿ. ಹಾಗೆ ಮಾಡದಿದ್ದರೆ ಬಳ್ಳಿ ಹೂ ಉದುರಿಸುತ್ತದೆಂದು ನಂಬಿಕೆ. ಎಲ್ಲರೂ ಅಷ್ಟು ಸಂಭಾವಿತರಾಗಿರಲಿಲ್ಲ; ಕೆಲವು ಮೊಟ್ಟೆ ಒಲೆಗೂ ಹೋದವು.

ಆಮೇಲೆ ಕಾಡಿನಲ್ಲಿ ಬಂದೂಕು ಹಿಡಿದ ಕಾಡುಗಳ್ಳರ ಹಾವಳಿ ಹೆಚ್ಚಿತು. ಪೊಲೀಸರು ಬಂದು, ಹೊಳೆಗೆ ಯಾರೂ ಇಳಿಯಕೂಡದು, ಗುಡಿಸಲು ಹಾಕಕೂಡದು ಎಂದರು. ಮರಳು ಖಾಲಿಯಾಯಿತು. ಮೊದಲ ಬೇಸಿಗೆಗಳಲ್ಲಿ ಶಿವನಂಜಮ್ಮ ದಡದ ಮೇಲೆ ದನ ಮೇಯಿಸುತ್ತ ನೋಡಿದಳು: ಮರಳ ತುಂಬ ಆಮೆ ಹತ್ತಿಳಿದ ಜಾಡು, ಹಿಂದೆಂದೂ ಕಾಣದಷ್ಟು. ಮನುಷ್ಯ ತೊಲಗಿದ್ದೇ ಅವಕ್ಕೆ ಸುಖವಾಯಿತೆಂದು ತೀರ್ಮಾನಿಸಿದಳು. ಪೊಲೀಸರ ಬಿಗಿ ಸಡಿಲವಾಗಿ ನೆರೆಮನೆಯ ಚೌಡೇಶ್ವರಿ ಬೀಜ ಕಟ್ಟಿಕೊಂಡು ಹೊರಟಾಗ ಅಡ್ಡ ನಿಂತವಳು ಇವಳೇ.

“ನಾವ್ ಇಳಿದ್ರೆ ಅವು ಏರಕಿಲ್ಲ ಕಣವ್ವಾ. ಅವೂ ಬಾಳ್ಲಿ.”

ಅಷ್ಟಕ್ಕೇ ಬಿಡದೆ ಅರಣ್ಯದವರ ಕಚೇರಿಗೂ ಹೋಗಿ, ಮರಳಿಗೆ ಜನ ಇಳಿಯದಂತೆ ಬೋರ್ಡು ಹಾಕಿಸಿದಳು. ಅವಳ ಗಟ್ಟಿ ಬಾಯಿಗೆ ಸೋತು ಹೆಂಗಸರು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಕೊಳ್ಳೇಗಾಲದ ಬಸ್ಸು ಹತ್ತಿದರು.

ಮನುಷ್ಯ ಬಿಟ್ಟ ಜಾಗ ಆಮೆಗೇ ಮೀಸಲಾಗಿ ಉಳಿಯಲಿಲ್ಲ. ಗುಡಿಸಲು, ಬೆಂಕಿ, ತಗಡು ಬಡಿಯುವ ಸದ್ದು ಯಾವುದೂ ಇಲ್ಲವೆಂಬುದು ಕಾಡುಹಂದಿಗಳಿಗೂ ಗೊತ್ತಾಯಿತು. ಯಾರೂ ಕೀಳದ ಜೊಂಡು ದಡದಿಂದ ಮರಳಿನ ನಡುವಿನವರೆಗೆ ಹಬ್ಬಿ, ಹಂದಿಗಳಿಗೆ ಅಡಗಲು ಮರೆಯಾಯಿತು. 1998ರಲ್ಲಿ ಶಿವನಂಜಮ್ಮ ಕಂಡದ್ದು ಮೂತಿಯಿಂದ ಉತ್ತು ಹಾಕಿದ ಮರಳು ಮತ್ತು ಒಡೆದ ಚಿಪ್ಪು. ಮರಿಯಾದ ಗೂಡು ಒಂದೂ ಇರಲಿಲ್ಲ.

ಮುಂದಿನ ಬೇಸಿಗೆಗೆ ಅವಳು ಚೌಡೇಶ್ವರಿಯ ಬಾಗಿಲಿಗೆ ಹೋದಳು.

“ಒಳೆಗಿಳಿಯವಾ ಬಾರವ್ವಾ. ಬೀಜ ನಾನೇ ಕೊಡ್ತೀನಿ.”

“ಅವೂ ಬಾಳ್ಲಿ ಅಂದೋಳು ನಿನ್ ತಂಗೀನಾ, ಶಿವನಂಜಕ್ಕ?”

“ನಾನೇ ಅಂದೆ. ತಿಳೀದೆ ಅಂದೆ.”

“ನಂಗೀಗ ನೆಳ್ಳಲ್ಲಿ ಕೂತು ಕೆಲ್ಸ ಮಾಡಿ ಅಭ್ಯಾಸ ಆಗೋಗದೆ. ಕಾಲು ಸುಟ್ಕಂಡು ನಿನ್ ಆಮೆ ಬಾಣಂತನ ಯಾರ್ ಮಾಡರು? ನೀನೇ ಮಾಡು ಓಗು.”

ಉಳಿದ ಮನೆಗಳಲ್ಲೂ ಇದೇ ಉತ್ತರ, ನಗು ಮಾತ್ರ ಇನ್ನಷ್ಟು ಜೋರು. ಗಂಡ ಸಿದ್ದಮಲ್ಲಪ್ಪ ಕೂಡ ಗೊಣಗಿದ. “ಊರೆಲ್ಲ ಇಳಿದ್ರೆ ಅದು ಕಾವಲು. ನಾವಿಬ್ರೇ ಓದ್ರೆ ಕಾಡಂದಿಗೆ ನೆಂಟ್ರು ಬಂದಂಗೆ.” ಗೊಣಗುತ್ತಲೇ ಗುಡಿಸಲಿಗೆ ಬಿದಿರ ಗಳು ಹೊತ್ತ.

ಗಂಡ ಹೆಂಡತಿ ಜೊಂಡು ಕಿತ್ತು, ಸೌತೆ ಹಾಕಿ, ಕಂಡ ಗೂಡುಗಳಿಗೆ ಮುಳ್ಳು ಹೊದಿಸಿದರು. ಗುಡಿಸಲಿನ ಸುತ್ತ ಕೂಗಳತೆಯಷ್ಟು ಜಾಗದಲ್ಲಿ ಗೂಡುಗಳು ಉಳಿದವು. ಅದರಾಚೆಗೆ ಹಂದಿಗಳದೇ ರಾಜ್ಯ. ಬಳ್ಳಿ ಹೂ ಬಿಡುವ ಹೊತ್ತಿಗೆ ಅರಣ್ಯದ ಗಾರ್ಡ್ ಸ್ವಾಮಿ ಬಂದ.

“ಇದು ಆಮೆ ಮೊಟ್ಟೆ ಇಡೋ ಜಾಗ ಕಣಮ್ಮಾ. ಜನ ಇಳೀಬಾರ್ದು ಅಂತ ಬೋರ್ಡ್ ಆಕ್ಸಿದ್ದು ನೀವೇ ಅಲ್ವಾ? ಗುಡ್ಲು ಬಿಚ್ಚಿ.”

“ಆ ಬೋರ್ಡ್ನ ಅಂದಿಗೂ ತೋರ್ಸು ಸಾ.”

“ಅದಕ್ಕೆ ಓದಕ್ ಬರಕಿಲ್ಲ.”

“ನಂಗೂ ಬರಕಿಲ್ಲ.”

ಸ್ವಾಮಿ ನಕ್ಕನೇ ಹೊರತು ಮಾತು ಬದಲಿಸಲಿಲ್ಲ. ಶಿವನಂಜಮ್ಮ ಮರುದಿನ ಕಚೇರಿಗೆ ಹೋಗಿ ಸಾಹೇಬರ ಎದುರು ನಿಂತಳು. ಜನ ಬೇಡವೆಂದದ್ದು ತನ್ನ ತಪ್ಪು, ಬೇಸಿಗೆಯಲ್ಲಾದರೂ ಊರಿನವರು ಮರಳಲ್ಲಿರಬೇಕು, ಇಲ್ಲದಿದ್ದರೆ ಆಮೆ ಉಳಿಯುವುದಿಲ್ಲ ಎಂದಳು. ತಪ್ಪಾಯಿತೆಂಬ ಮಾತನ್ನು ಅವಳು ಗಂಡನಿಗೂ ಹೇಳಿದವಳಲ್ಲ.

“ಆಗ ಒಂದು, ಈಗ ಒಂದು ಹೇಳಿದರೆ ಹೇಗಮ್ಮಾ?” ಎಂದರು ಸಾಹೇಬರು. “ಹಂದಿ ಮೊಟ್ಟೆ ತಿನ್ನೋದು ಪ್ರಕೃತಿ. ಮನುಷ್ಯ ಅಡ್ಡ ಬರಬಾರದು. ಮುಂದಿನ ವರ್ಷ ನೋಡೋಣ.”

“ಮುಂದಿನ್ ವರ್ಸ ಮೊಟ್ಟೆ ಇಡಕೆ ಯಾವ ಆಮೆ ಬತ್ತದೆ ಸಾ?”

ಸಾಹೇಬರು ಮುಂದಿದ್ದ ಫೈಲು ಬಿಚ್ಚಿದರು.

“ಗುಡ್ಲು ನಾನು ಬಿಚ್ಚಕಿಲ್ಲ. ಬೇಕಾದ್ರೆ ನೀವೇ ಬಂದು ಬಿಚ್ಚಿ. ಬಂದೋರು ಮೊಟ್ಟೆ ಒಡೆದಿರದನ್ನೂ ನೋಡ್ಕಂಡು ಓಗಿ.”

ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದು, ಮನೆಗೆ ಹೋಗದೆ ನೇರ ಹೊಳೆಗೆ ಇಳಿದಳು. ಸಿದ್ದಮಲ್ಲಪ್ಪ ಏನಾಯಿತೆಂದು ಕೇಳಿದ. ಅವಳು ಕುಡುಗೋಲು ತೆಗೆದುಕೊಂಡು, ಗುಡಿಸಲಿನ ಆಚೆಗಿದ್ದ ಜೊಂಡನ್ನು ಕೊಯ್ಯತೊಡಗಿದಳು.